ಹಳೆಯ ಯೆಜ್ಡಿಗೆ ಹೊಸ ಶಾಕ್ ಅಬ್ಸಾರ್ಬರ್: ಅಳತೆಯೇ ಮೊದಲು

ಹುಬ್ಬಳ್ಳಿ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳ ಮೇಲಿನ ಮೋಹ ಅಳಿದಿಲ್ಲ. ಅವುಗಳ ಹಿಂಬದಿಯ ಶಾಕ್ ಅಬ್ಸಾರ್ಬರ್ ಕೈಕೊಟ್ಟಾಗ ಮಾತ್ರ ಮಾಲೀಕರು ಗೊಂದಲಕ್ಕೀಡಾಗುತ್ತಾರೆ. 2022ರಲ್ಲಿ ಅದೇ ಹೆಸರಿನಿಂದ ಬಂದ ಬೈಕು ಬೇರೆಯದೇ ಯಂತ್ರ. ಹೆಸರು ನೋಡಿ ಬಿಡಿಭಾಗ ಕೊಳ್ಳುವಂತಿಲ್ಲ.

ಮೊದಲು ಸೀಟನ್ನು ಬಲವಾಗಿ ಒತ್ತಿ ಬಿಡಬೇಕು. ಒಮ್ಮೆ ಮೇಲೆದ್ದು ನಿಂತರೆ ಸರಿ. ಮತ್ತೆ ಮತ್ತೆ ಕುಣಿದರೆ ಅಥವಾ ಎಣ್ಣೆ ಜಿನುಗುತ್ತಿದ್ದರೆ ಒಳಗಿನ ಡ್ಯಾಂಪರ್ ಕೆಟ್ಟಿದೆಯೆಂದೇ ಅರ್ಥ. ತಗ್ಗುದಿನ್ನೆಯ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಹಿಂಚಕ್ರ ನೆಲ ಬಿಟ್ಟು ಜಾರುವ ಅಪಾಯ ಇದರಿಂದಲೇ ಹೆಚ್ಚುತ್ತದೆ.

ಡಬಲ್ ಸ್ಟ್ಯಾಂಡ್ ಹಾಕಿ, ಹಿಂಚಕ್ರ ನೆಲದಿಂದ ಮೇಲಿರುವಾಗ ಮೇಲಿನ ಬೋಲ್ಟಿನ ಮಧ್ಯದಿಂದ ಕೆಳಗಿನ ಬೋಲ್ಟಿನ ಮಧ್ಯದವರೆಗೆ ಅಳೆಯಬೇಕು. ಈ ಉದ್ದ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಬೈಕು ಎತ್ತರವಾಗಿ ಕಾಣಲೆಂದು ಉದ್ದನೆಯದನ್ನು ಕೂರಿಸುವ ಖಯಾಲಿ ಕೆಲವರಿಗಿದೆ. ಆಗ ಹಿಂಭಾಗ ಎದ್ದು ಹ್ಯಾಂಡಲ್ ಚಂಚಲವಾಗುತ್ತದೆ, ಚೈನಿನ ಬಿಗಿ ಬದಲಾಗುತ್ತದೆ, ಸ್ಟ್ಯಾಂಡ್ ಹಾಕಿದರೂ ಚಕ್ರ ನೆಲಕ್ಕೆ ತಾಗುತ್ತದೆ. ಗಿಡ್ಡದಾದರೆ ಹಿಂದೆ ಒಬ್ಬರು ಕುಳಿತಾಗ ಟೈರು ಮಡ್‌ಗಾರ್ಡಿಗೆ ಉಜ್ಜೀತು. ಬುಷ್‌ನ ರಂಧ್ರವೂ ಬೋಲ್ಟಿಗೆ ಸರಿಯಾಗಿ ಹೊಂದಬೇಕು.

ಇನ್ನು ಸ್ಪ್ರಿಂಗ್. ಹೆಚ್ಚಾಗಿ ಒಬ್ಬರೇ ಓಡಾಡುವವರಿಗೆ ಗಡುಸು ಸ್ಪ್ರಿಂಗ್ ಸೊಂಟನೋವಿಗೆ ಆಹ್ವಾನವೇ ಸರಿ. ಕೆಳಗಿನ ಉಂಗುರ ತಿರುಗಿಸಿದರೆ ಸ್ಪ್ರಿಂಗ್ ಗಡುಸಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಅದರಿಂದ ಹಿಂಭಾಗದ ಎತ್ತರವಷ್ಟೇ ಏರುತ್ತದೆ.

ಒಂದೇ ಬದಿಯದನ್ನು ಬದಲಿಸಿ ಹಣ ಉಳಿಸಲು ಹೋಗಬಾರದು. ಹಳತು ಹೊಸತರ ಎಳೆದಾಟಕ್ಕೆ ಹಿಂಚಕ್ರದ ಫೋರ್ಕ್ ತಿರುಚುತ್ತದೆ.