ಬರೆಯುವ ಗುರುವಿನ ಮುಂದೆ ಬರೆಯುವ ಮಗು

ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಜಡಿಗೇನಹಳ್ಳಿಯೂ ಒಂದು. ಈ ಸೀಮೆಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಬರೆಯುವುದು ಕನ್ನಡ. ಅಂತಹ ಮನೆಯ ಮಗುವೊಂದು ತನ್ನ ಪ್ರಬಂಧದಲ್ಲಿ ‘ನಮ್ಮವ್ವನಿಗೆ ಹಲ್ಲಿಲ್ಲ, ಅಡಿಕೆಯನ್ನು ಕುಟ್ಟಿಕೊಂಡು ತಿನ್ನುತ್ತಾಳೆ’ ಎಂದು ಬರೆಯಿತೆನ್ನೋಣ. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ, ಕನ್ನಡದಲ್ಲಿ ತಾಯಿ. ತಪ್ಪು ಹುಡುಕುವುದಷ್ಟೇ ತಮ್ಮ ಕೆಲಸವೆಂದು ತಿಳಿದ ಶಿಕ್ಷಕರು ‘ಅವ್ವ’ನನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮುಂದೆ ಸಾಗುತ್ತಾರೆ. ತಾವೂ ಬರೆದು ಬಲ್ಲವರು ಆ ಪದದ ಬಳಿ ಒಂದು ಕ್ಷಣ ನಿಂತು, ಆ ಸಾಲಿನಲ್ಲಿರುವ ಅಡಿಕೆ ಕುಟ್ಟುವ ಸದ್ದನ್ನು ಕೇಳಿಸಿಕೊಳ್ಳುತ್ತಾರೆ. ಯಾವ ಗೈಡಿನಲ್ಲಿಯೂ ದೊರೆಯದ ಸಾಲು ಅದು. ಅದು ಉಳಿಯುವುದೋ ಅಳಿಯುವುದೋ ಎಂಬುದು ತಿದ್ದುವ ಕೈಯನ್ನು ಅವಲಂಬಿಸಿದೆ.

ನಮ್ಮ ಶಿಕ್ಷಕರು ಬರೆಯುವುದಿಲ್ಲವೆಂದು ಹೇಳಿದರೆ ಅವರಿಗೆ ಅನ್ಯಾಯವಾದೀತು. ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಪಾಠಯೋಜನೆ, ಇಲಾಖೆ ಕೇಳುವ ಬಗೆಬಗೆಯ ಮಾಹಿತಿ ಇವುಗಳನ್ನು ಬರೆದೂ ಬರೆದೂ ಅವರ ಬೆರಳುಗಳು ದಣಿದಿವೆ. ಆದರೆ ತಾವು ಕಂಡದ್ದನ್ನು, ನೊಂದದ್ದನ್ನು, ನಕ್ಕದ್ದನ್ನು ತಮ್ಮದೇ ವಾಕ್ಯದಲ್ಲಿ ಇಳಿಸುವ ಬರವಣಿಗೆ ಬೇರೆಯದು. ಅದರ ರೂಢಿ ತಪ್ಪಿದಾಗ ‘ನನ್ನ ಮೆಚ್ಚಿನ ಹಬ್ಬ’ದ ಪ್ರಬಂಧವನ್ನು ಕಪ್ಪುಹಲಗೆಯ ಮೇಲೆ ಬರೆದು ನಕಲು ಮಾಡಿಸುವುದೊಂದೇ ದಾರಿಯಾಗಿ ತೋರುತ್ತದೆ. ತರಗತಿಯ ಎಲ್ಲ ಪುಸ್ತಕಗಳಲ್ಲಿಯೂ ಒಂದೇ ಯುಗಾದಿ, ಒಂದೇ ಬೇವು-ಬೆಲ್ಲ!

ಕನ್ನಡ ನಾಡಿನ ಹಳೆಯ ಉಪಾಧ್ಯಾಯರು ಈ ದಾರಿ ಹಿಡಿಯಲಿಲ್ಲ. ಶಿಕ್ಷಕರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ತಾವೇ ಕಥೆ-ಪದ್ಯಗಳನ್ನು ರಚಿಸಿದರು. ಅವರು ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. ಕಲಿಸುವವರು ತಮ್ಮನ್ನು ಶಿಷ್ಯರೆಂದು ಕರೆದುಕೊಂಡದ್ದು ಬರಿಯ ವಿನಯವಲ್ಲವೆಂದು ನಮಗೆ ತೋರುತ್ತದೆ. ಎಳೆಯರಿಗೆ ಪಾಠ ಹೇಳುತ್ತಿದ್ದ ಜಿ.ಪಿ. ರಾಜರತ್ನಂ ಅವರು ಪಠ್ಯದ ಪದ್ಯಗಳು ಮಕ್ಕಳ ನಾಲಿಗೆಗೆ ಒಗ್ಗದಿರುವುದನ್ನು ಕಂಡು ‘ತುತ್ತೂರಿ’ಯಂತಹ ಶಿಶುಗೀತೆಗಳನ್ನು ಬರೆದರು. ಚಡಚಣದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದುಕೊಂಡೇ ಹಳ್ಳಿಗರ ಹಾಡು-ಕಥೆಗಳಿಗೆ ಕಿವಿಗೊಟ್ಟು ಬರೆದಿಟ್ಟವರು. ‘ವಚನಧರ್ಮಸಾರ’ದ ಕರ್ತೃವೆಂದು ನಮ್ಮ ಓದುಗರೆಲ್ಲ ಬಲ್ಲ ಎಂ.ಆರ್. ಶ್ರೀನಿವಾಸಮೂರ್ತಿಯವರು ಶಾಲೆಗಳ ತನಿಖೆಗಾಗಿ ಊರೂರು ಸುತ್ತಿದ ಅನುಭವವನ್ನು ‘ರಂಗಣ್ಣನ ಕನಸಿನ ದಿನಗಳು’ ಕೃತಿಯಾಗಿಸಿದರು. ಕೆಲಸದ ನಡುವೆಯೇ ಬರವಣಿಗೆ ಹುಟ್ಟಿತು. ಇದಕ್ಕೂ ಹಿಂದೆ ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣರು ತಮ್ಮ ತಮ್ಮ ಕಾಯಕದ ಮಾತಿನಲ್ಲಿಯೇ ವಚನ ನುಡಿದದ್ದನ್ನು ಇಲ್ಲಿ ನೆನೆಯಬಹುದು.

ಇವರೆಲ್ಲ ಪ್ರತಿಭಾವಂತರು, ಸಾಮಾನ್ಯ ಶಿಕ್ಷಕರಿಂದ ಇದು ಸಾಧ್ಯವೇ ಎಂಬ ಸಂದೇಹ ಸಹಜ. ಅದಕ್ಕೆ ಉತ್ತರ ಹೆಗ್ಗಡದೇವನಕೋಟೆಯಲ್ಲಿದೆ. 1995ರಲ್ಲಿ ಆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಅಲ್ಲಿನ ಕ್ರಮವನ್ನು ಹಾಗೆಯೇ ಎತ್ತಿಕೊಳ್ಳದೆ, ತಮ್ಮ ಮಕ್ಕಳಿಗೆ ಒಪ್ಪುವ ಕಲಿಕಾ ಕಾರ್ಡುಗಳನ್ನೂ ಹಾಡು-ಆಟಗಳನ್ನೂ ತಾವೇ ಕನ್ನಡದಲ್ಲಿ ರಚಿಸಿದರು. ಅದೇ ‘ನಲಿ-ಕಲಿ’. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅವರು ಸಾಹಿತಿಗಳೆಂದು ಹೆಸರಾದವರಲ್ಲ. ಎದುರಿನ ಮಗುವಿಗೆ ಈ ಪದ ತಲುಪುವುದೋ ಇಲ್ಲವೋ ಎಂದು ಬರೆದು, ತರಗತಿಯಲ್ಲಿ ಓದಿ ನೋಡಿ, ಮತ್ತೆ ಬರೆದರು. ಬರವಣಿಗೆಯ ಶಿಕ್ಷಣವೆಂದರೆ ಬಹುಮಟ್ಟಿಗೆ ಇಷ್ಟೇ. ಅಮೆರಿಕದ ಬರ್ಕ್ಲಿಯಲ್ಲಿ 1974ರಲ್ಲಿ ಜೇಮ್ಸ್ ಗ್ರೇ ಎಂಬುವರು ಶಿಕ್ಷಕರಿಗಾಗಿ ಆರಂಭಿಸಿದ ಬೇಸಿಗೆ ಶಿಬಿರದ ತಿರುಳೂ ಇದೇ: ಬರೆಯಲು ಕಲಿಸುವವರು ತಾವು ಬರೆಯಬೇಕು, ಬರೆದುದನ್ನು ಜೊತೆಯ ಶಿಕ್ಷಕರ ಮುಂದೆ ಓದಬೇಕು.

ರೂಢಿ ಬೆಳೆಸಿಕೊಳ್ಳುವ ಬಗೆ ಕಷ್ಟದ್ದಲ್ಲ, ಬಿಡದೆ ನಡೆಸುವುದು ಮಾತ್ರ ಕಷ್ಟ. ದಿನಕ್ಕೆ ಹತ್ತು ನಿಮಿಷ ಸಾಕು, ಹೊತ್ತು ಮಾತ್ರ ಒಂದೇ ಇರಲಿ. ಪ್ರಾರ್ಥನೆಗೆ ಮುಂಚೆಯೋ ಸಂಜೆ ಬಸ್ಸಿಗಾಗಿ ಕಾಯುವಾಗಲೋ. ‘ಪರಿಸರ ಸಂರಕ್ಷಣೆ’ಯಂತಹ ದೊಡ್ಡ ವಿಷಯ ಬೇಡ. ದಾರಿಯಲ್ಲಿ ಕಂಡ ನೀಲಗಿರಿ ತೋಪು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಹೆಂಗಸು, ಇಂದು ಶಾಲೆಗೆ ಬಾರದ ಹುಡುಗ, ಇವು ಸಾಕು. ಈ ಪುಸ್ತಕವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಪತ್ರಿಕೆಗೆ ಕಳುಹಿಸುವ ಆತುರವಂತೂ ಬೇಡವೇ ಬೇಡ. ಅಚ್ಚಾಗುವ ಆಸೆ ಮೊದಲಿಗೇ ಹೊಕ್ಕರೆ ಭಾಷಣದ ಧಾಟಿ ಹಿಂದೆಯೇ ಬರುತ್ತದೆ.

ಇದಕ್ಕಿಂತ ಹೆಚ್ಚು ಫಲ ಕೊಡುವುದು ಮಕ್ಕಳು ಬರೆಯುವ ಹೊತ್ತಿನಲ್ಲಿ ತಾವೂ ಕುಳಿತು ಅದೇ ವಿಷಯವನ್ನು ಬರೆಯುವುದು. ಕಪ್ಪುಹಲಗೆಯ ಮೇಲೆ ಗುರುಗಳೇ ಒಂದು ವಾಕ್ಯ ಬರೆದು, ಸರಿಯೆನಿಸದೆ ಒರೆಸಿ, ಬೇರೊಂದು ಪದಕ್ಕಾಗಿ ತಡಕಾಡುವುದನ್ನು ಮಗು ನೋಡಬೇಕು. ಅಚ್ಚಾದ ಪಾಠವನ್ನು ಮಾತ್ರ ಕಂಡ ಮಗು ವಾಕ್ಯಗಳು ಹಾಗೆಯೇ ನೆಟ್ಟಗೆ ಹುಟ್ಟುತ್ತವೆಂದು ನಂಬಿರುತ್ತದೆ. ತನ್ನ ತಡಕಾಟವನ್ನು ದಡ್ಡತನವೆಂದು ತಿಳಿದು ಕೈ ಕಟ್ಟಿ ಕೂರುತ್ತದೆ. ಮನೆಮಾತು ಬೇರೆಯಾದ ಮಗುವಿಗೆ ಈ ಅಳುಕು ಇಮ್ಮಡಿ. ಅಂತಹ ಮಗುವಿನ ಪುಸ್ತಕದಲ್ಲಿ ಮೊದಲು ಅರ್ಥವನ್ನು ಕುರಿತು ಒಂದು ಪ್ರಶ್ನೆ ಬರೆಯಲಿ, ಕಾಗುಣಿತದ ತಿದ್ದುಪಡಿ ಎರಡನೆಯ ಓದಿಗೆ ಉಳಿಯಲಿ. ಕಾಗುಣಿತ ಮುಖ್ಯವಲ್ಲವೆಂದು ಇದರರ್ಥವಲ್ಲ, ಅದರ ಸರದಿ ಅನಂತರದ್ದು.

ಒಬ್ಬರೇ ಮಾಡಿದರೆ ಈ ರೂಢಿ ತಿಂಗಳಿಗೇ ಸೊರಗುವುದುಂಟು. ಮಠಗಳ ವಸತಿಶಾಲೆಗಳಲ್ಲಿ ಗುರು-ಶಿಷ್ಯರು ಒಂದೇ ಆವರಣದಲ್ಲಿರುವುದರಿಂದ ಸಂಜೆಯ ಪ್ರಾರ್ಥನೆಯ ಬಳಿಕ ಒಟ್ಟಿಗೆ ಬರೆಯಲು ಅನುಕೂಲವಿದೆ. ಸರ್ಕಾರಿ ಶಾಲೆಗಳ ಶಿಕ್ಷಕರು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಹೇಗೂ ಸೇರುತ್ತಾರೆ. ಆ ಸಭೆಗಳಲ್ಲಿ ಅಂಕಿ-ಅಂಶಗಳಿಗೆ ಮೀಸಲಾದ ಹೊತ್ತಿನಿಂದ ಅರ್ಧ ಗಂಟೆಯನ್ನು ಕಡಿದು, ಇಬ್ಬರು ಶಿಕ್ಷಕರು ತಾವು ಬರೆದುದನ್ನೂ ತಮ್ಮ ತರಗತಿಯ ಒಂದು ಮಗು ಬರೆದುದನ್ನೂ ಜೊತೆಜೊತೆಯಾಗಿ ಓದಿದರೆ, ಇದಕ್ಕೆ ಹೊಸ ಅನುದಾನವಾಗಲಿ ಹೊಸ ಆದೇಶವಾಗಲಿ ಬೇಕಾಗುವುದಿಲ್ಲ.