ದೇವಬಾಗದ ದಡದಲ್ಲಿ ನಿಂತು

ಕಾಳೀನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆ, ಕಾರವಾರದ ಸನಿಹ, ದೇವಬಾಗವಿದೆ. ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಕಡಲು. ನಡುವೆ ಗಾಳಿಮರಗಳು ಬೆಳೆದ ಮರಳುಪಟ್ಟಿ. ಅಲ್ಲಿ ನಿಂತಾಗ ಮನುಷ್ಯನ ನೆಲೆ ಎಷ್ಟು ಕಿರಿದೆಂಬುದು ನಮಗೆ ಮನವರಿಕೆಯಾಗುತ್ತದೆ.

2009ರ ನವೆಂಬರಿನಲ್ಲಿ ಫಯಾನ್, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಗಳು ಈ ಕರಾವಳಿಯನ್ನು ತಲ್ಲಣಗೊಳಿಸಿದವು. ಕಲ್ಲಿದ್ದಲು, ತೈಲಗಳ ಹೊಗೆಯಿಂದ ಭೂಮಿ ಕಾಯುತ್ತಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಕಾದ ಕಡಲು ಬಿರುಗಾಳಿಗೆ ಬಲವೀಯುತ್ತದೆ. 1901ರಿಂದ 2018ರ ವರೆಗೆ ಜಗತ್ತಿನ ಕಡಲಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ.

ಇದರಿಂದ ಮಾನವಕುಲವೇ ನಾಳೆ ಅಳಿಯುವುದೆಂದು ನಾವು ಹೆದರಿಸಲಾರೆವು. ಆದರೆ ಮೊದಲು ನೆಲೆ ಕಳೆದುಕೊಳ್ಳುವವರು ಹೆಚ್ಚು ಹೊಗೆಯುಗುಳಿದವರಲ್ಲ, ದಡದ ಮೀನುಗಾರರು. ದಾಸೋಹವೆಂದರೆ ಉಣಬಡಿಸುವುದಷ್ಟೇ ಅಲ್ಲ. ನಮ್ಮ ಬೇಕುಗಳಿಗೆ ಮಿತಿಯಿಟ್ಟು ಮುಂದೆ ಹುಟ್ಟುವವರ ಪಾಲನ್ನು ಉಳಿಸುವುದೂ ದಾಸೋಹವೇ. ವಿದ್ಯುತ್ತು, ಇಂಧನಗಳನ್ನು ಹಿತಮಿತವಾಗಿ ಬಳಸುವುದು, ಅಲೆಗಳ ರಭಸವನ್ನು ತಗ್ಗಿಸುವ ಮರಳುದಿಬ್ಬಗಳನ್ನೂ ಅಳಿವೆಯ ಕಾಂಡ್ಲಾ ವನಗಳನ್ನೂ ಕಾಯುವುದು ಇಂದಿನ ಕಾಯಕ. ಶರಣಬಂಧುಗಳು ಅದನ್ನು ತಮ್ಮ ಮನೆಯಿಂದಲೇ ಆರಂಭಿಸಲಿ.