ಹೆಬ್ಬೆಟ್ಟಿನ ಗುರುತು ಹೋಗುವ ದಾರಿ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವವರು ಸಾಮಾನ್ಯವಾಗಿ ಶಿರಾಳಕೊಪ್ಪದ ಮಾರ್ಗವನ್ನೇ ಹಿಡಿಯುತ್ತಾರೆ. ಆಷಾಢದ ಮಳೆಗೆ ಆ ದಾರಿಯಲ್ಲಿ ಮರವೊಂದು ಅಡ್ಡ ಬಿದ್ದಿತೆನ್ನಿ. ಆನಂದಪುರ, ಸಾಗರಗಳ ಮೇಲೆ ಸುತ್ತಿ ಹೋಗುವ ಉಪಾಯವುಂಟು. ಆದರೆ ಸುದ್ದಿ ಹೊರಡುವ ಮೊದಲೇ ತಿಳಿಯಬೇಕು. ಮರದ ಬುಡಕ್ಕೆ ಬಂದು ನಿಂತ ಮೇಲೆ ತಿಳಿದರೇನು ಫಲ?

ಗಣಕಯಂತ್ರಗಳ ಜಾಲದಲ್ಲಿ ಹರಿಯುವ ಸಂದೇಶಗಳ ಪಾಡೂ ಇದೇ. ಸಂದೇಶವು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ಕವಲಿನಿಂದ ಕವಲಿಗೆ ಸಾಗುತ್ತದೆ. ಪ್ರತಿ ಕವಲಿನಲ್ಲಿಯೂ ರೌಟರ್ ಎಂಬ ಯಂತ್ರವು ನೆರೆಯ ರೌಟರುಗಳಿಂದ ಸುದ್ದಿ ಕೇಳಿ, ಮುಂದಿನ ದಾರಿಯನ್ನು ತಾನೇ ತೀರ್ಮಾನಿಸುತ್ತದೆ. ಈ ಹಳೆಯ ಪದ್ಧತಿ ಗಟ್ಟಿಯಾದುದು. ಇಂದಿಗೂ ಇಂಟರ್‌ನೆಟ್ಟು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಆದರೆ ಯಾವ ದಾರಿಯಲ್ಲಿ ಎಷ್ಟು ಸಂದಣಿಯಿದೆಯೆಂದು ಒಟ್ಟಾಗಿ ನೋಡಿ ಹಂಚಿಕೊಡುವ ಹಿರಿಯರು ಅಲ್ಲಿಲ್ಲ.

ಆ ಕೊರತೆಯನ್ನು ತುಂಬಲೆಂದು ಬಂದುದು ಸಾಫ್ಟ್‌ವೇರ್ ನಿಯಂತ್ರಿತ ಜಾಲ. 2008ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಇತರರೊಡಗೂಡಿ 'ಓಪನ್‌ಫ್ಲೋ' ಎಂಬ ಕ್ರಮವನ್ನು ಪ್ರಕಟಿಸಿದರು. ಯೋಚಿಸುವ ಕೆಲಸವನ್ನು ಹೊರುವ ಕೆಲಸದಿಂದ ಬೇರ್ಪಡಿಸುವುದೇ ಅದರ ಸಾರ. ಕವಲಿನ ಯಂತ್ರಗಳು ಪೊಟ್ಟಣಗಳನ್ನು ದಾಟಿಸುತ್ತವೆ. ದಾರಿಯನ್ನು ಗೊತ್ತುಮಾಡುವುದು ನಿಯಂತ್ರಕವೆಂಬ ಒಂದು ತಂತ್ರಾಂಶ. ಗೂಗಲ್ ಸಂಸ್ಥೆಯು ತನ್ನ ದತ್ತಾಂಶ ಕೇಂದ್ರಗಳನ್ನು ಹೀಗೆಯೇ ಬೆಸೆದು, ಕೆಲವು ಕೊಂಡಿಗಳನ್ನು ಅವುಗಳ ಪೂರ್ಣ ಸಾಮರ್ಥ್ಯದ ಹತ್ತಿರಕ್ಕೆ ದುಡಿಸಿಕೊಂಡುದಾಗಿ 2013ರಲ್ಲಿ ವರದಿ ಮಾಡಿತು.

ಇದರಿಂದ ಸೊರಬದ ಹಳ್ಳಿಗನಿಗೇನು? ನ್ಯಾಯಬೆಲೆ ಅಂಗಡಿಯಲ್ಲಿ ಒತ್ತಿದ ಹೆಬ್ಬೆಟ್ಟಿನ ಗುರುತು ದೂರದ ಗಣಕಕ್ಕೆ ಹೋಗಿ ತಾಳೆಯಾಗಿ ಬರಬೇಕು. ಅಕ್ಕಿ ಅಳೆಯುವುದು ಆಮೇಲೆ. ಅದೇ ಎಳೆಯಲ್ಲಿ ಯಾರೋ ಚಲನಚಿತ್ರ ನೋಡುತ್ತಿರುತ್ತಾರೆ, ಇನ್ನಾರೋ ಮಗನೊಡನೆ ಮಾತನಾಡುತ್ತಿರುತ್ತಾರೆ. ಮೂವರ ಅವಸರವೂ ಒಂದೇ ಬಗೆಯದಲ್ಲ. ಚಿತ್ರದ ಮುಂದಿನ ಭಾಗವನ್ನು ಮೊದಲೇ ತರಿಸಿಟ್ಟುಕೊಳ್ಳಬಹುದಾದ್ದರಿಂದ ಅದು ಕೊಂಚ ತಡೆದರೂ ಚಿಂತೆಯಿಲ್ಲ. ಮಾತಾದರೋ 150 ಮಿಲಿಸೆಕೆಂಡಿನೊಳಗೆ ಆಚೆಯ ಕಿವಿಗೆ ಮುಟ್ಟಬೇಕು. ಮೀರಿದಷ್ಟೂ ಸಂಭಾಷಣೆ ತೊಡರುತ್ತದೆ. ಹೆಬ್ಬೆಟ್ಟಿನ ಗುರುತಿನ ಹೊರೆ ತೀರ ಹಗುರ, ಆದರೆ ಅದು ಕಳೆದುಹೋದರೆ ಕೂಲಿ ಬಿಟ್ಟು ಸರತಿಯಲ್ಲಿ ನಿಂತ ಹೆಂಗಸು ಬರಿಯ ಚೀಲದೊಡನೆ ಮರಳಬೇಕಾದೀತು. ಇಂಥ ತಾರತಮ್ಯವನ್ನರಿತು ಸರತಿಗಳನ್ನು ಬೇರೆಬೇರೆ ಮಾಡುವುದನ್ನೇ ತಜ್ಞರು ಸೇವಾಗುಣಮಟ್ಟವೆನ್ನುತ್ತಾರೆ. ಇಡೀ ಜಾಲಕ್ಕೆ ಆ ನಿಯಮವನ್ನು ಒಂದೇ ಕಡೆಯಿಂದ ವಿಧಿಸುವುದು ಹೊಸ ಪದ್ಧತಿಯಲ್ಲಿ ಸುಲಭ.

ನಿಯಂತ್ರಕವೇ ಕೆಟ್ಟರೆ? ಅದಕ್ಕೆ ಜೊತೆಯಾಳುಗಳನ್ನಿಡುವುದುಂಟು. ಕೊಂಡಿ ಕಡಿದೊಡನೆ, ಯಾರನ್ನೂ ಕೇಳದೆ, ಮೊದಲೇ ಹೇಳಿಟ್ಟ ಬದಲಿ ದಾರಿಗೆ ಯಂತ್ರವೇ ಹೊರಳುವ ಏರ್ಪಾಡನ್ನೂ 2011ರಲ್ಲಿ ಓಪನ್‌ಫ್ಲೋಗೆ ಸೇರಿಸಲಾಯಿತು.

ಆದರೆ ಬದಲಿ ದಾರಿಯೇ ಇಲ್ಲದಿದ್ದರೆ ಎಂಥ ಜಾಣ ನಿಯಂತ್ರಕವೂ ಕೈಚೆಲ್ಲಬೇಕು. ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆಯಿತ್ತಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿತು. ಒಂಟಿ ಎಳೆಯ ಕೊನೆಯಲ್ಲಿರುವ ಊರಿನ ಗತಿ ಸುಲಭವಾಗಿ ಊಹಿಸಬಹುದು: ರಸ್ತೆ ಅಗಲಿಸುವ ಜೆಸಿಬಿ ಒಮ್ಮೆ ಎಳೆಯನ್ನು ಕಿತ್ತಿತೆಂದರೆ ಅದರಾಚೆಗೆಲ್ಲ ಮೌನ. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯು ಜಾಲವನ್ನು ಉಂಗುರದಾಕಾರಕ್ಕೆ ತರುವ ಗುರಿಯಿಟ್ಟುಕೊಂಡಿದೆ. ಉಂಗುರದಲ್ಲಿ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸುತ್ತಿ ಬರಬಹುದು. ಎರಡೂ ಎಳೆಗಳನ್ನು ಒಂದೇ ಕಾಲುವೆಯಲ್ಲಿ ಹೂಳದೆ, ಬೇರೆಬೇರೆ ರಸ್ತೆಯ ಬದಿಯಲ್ಲಿ ಹೂಳಿದ್ದರೆ.